ಕಡಲ ಗಾಳಿ ವಿದ್ಯುತ್ತು, ಡಿಜಿಟಲ್ ತಂತ್ರಜ್ಞಾನ: ಯಾವ ಪಿಎಚ್‌ಡಿ ಯಾರಿಗೆ ಹೊಂದುತ್ತದೆ?

ಕಡಲಲ್ಲಿ ನೆಟ್ಟ ಗಾಳಿಯಂತ್ರಗಳ ಕುರಿತ ಪಿಎಚ್‌ಡಿ ಸೀಟುಗಳು ಉತ್ತರ ಸಮುದ್ರದ ಸುತ್ತಲಿನ ದೇಶಗಳಲ್ಲಿ ವರ್ಷವಿಡೀ ತೆರೆಯುತ್ತಿರುತ್ತವೆ. ಬ್ರಿಟನ್ನಿನಲ್ಲಿ ಸ್ಟೈಪೆಂಡ್ ಕೊಡುತ್ತಾರೆ, ಡೆನ್ಮಾರ್ಕಿನಲ್ಲಿ ಸಂಬಳ ಕೊಡುತ್ತಾರೆ. ಒಂದು ಕಡೆ 3 ವರ್ಷ, ಇನ್ನೊಂದು ಕಡೆ 4. ಒಂದು ಜಾಹೀರಾತಿನಲ್ಲಿ ವಿಷಯ ಮೊದಲೇ ಗಟ್ಟಿಯಾಗಿರುತ್ತದೆ, ಇನ್ನೊಂದರಲ್ಲಿ ಸೇರಿದ ಮೇಲೆ ನೀವೇ ಹುಡುಕಿಕೊಳ್ಳಬೇಕು. ಎರಡು ಮೂರು ಆಫರ್ ಒಟ್ಟಿಗೆ ಬಂದಾಗ ಬಹಳ ಮಂದಿ ವಿಶ್ವವಿದ್ಯಾಲಯದ ರ‍್ಯಾಂಕಿಂಗ್ ನೋಡಿ ಒಂದನ್ನು ಒಪ್ಪಿಕೊಂಡುಬಿಡುತ್ತಾರೆ. ಗಾಳಿಯಂತ್ರಗಳ ಡೇಟಾ, ಕಂಪ್ಯೂಟರ್ ಮಾದರಿಗಳ ಮೇಲೆ ನಿಂತ ಡಿಜಿಟಲ್ ವಿಷಯಗಳಿಗೆ ಆ ಅಳತೆ ಸಾಲದು. ಇಲ್ಲಿ ಥೀಸಿಸ್ಸಿನ ಅಳಿವು ಉಳಿವು ನಿಂತಿರುವುದು ಒಂದು ಪ್ರಶ್ನೆಯ ಮೇಲೆ: ಬೇಕಾದ ಡೇಟಾ ಯಾರ ಕೈಯಲ್ಲಿದೆ, ನಿಮಗೆ ಯಾವಾಗ ಸಿಗುತ್ತದೆ?

ಕಾರಣ ಸರಳ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಸ್ಥಾವರ ಶುರುವಾದಾಗ ಅಲ್ಲಿದ್ದದ್ದು 450 ಕಿಲೋವಾಟಿನ 11 ಟರ್ಬೈನುಗಳು. ಇಂದು ಬ್ರಿಟನ್ನಿನ ಡಾಗರ್ ಬ್ಯಾಂಕಿನಲ್ಲಿ ನಿಲ್ಲುತ್ತಿರುವ ಟರ್ಬೈನ್ ಒಂದೊಂದೂ 13 ಮೆಗಾವಾಟ್ ಅಥವಾ ಅದಕ್ಕಿಂತ ಹೆಚ್ಚಿನದು, ಮೈತುಂಬ ಸೆನ್ಸರುಗಳು. ಆದರೆ ಆ ಸೆನ್ಸರುಗಳ ಡೇಟಾ ಸ್ಥಾವರದ ಮಾಲೀಕರ ಕೈಯಲ್ಲಿರುತ್ತದೆ. ವಾರಂಟಿ ಅವಧಿಯಲ್ಲಿ ಎಷ್ಟೋ ಸಲ ಟರ್ಬೈನ್ ತಯಾರಕರ ಹಿಡಿತದಲ್ಲೇ ಇರುತ್ತದೆ. ವಿಶ್ವವಿದ್ಯಾಲಯದ ಬಳಿ ಇರುವುದು ಅವರೊಂದಿಗಿನ ಒಪ್ಪಂದ ಮಾತ್ರ. ಆ ಒಪ್ಪಂದ ಎಷ್ಟು ಗಟ್ಟಿ ಎಂಬುದು ದೇಶದಿಂದ ದೇಶಕ್ಕೆ, ಯೋಜನೆಯಿಂದ ಯೋಜನೆಗೆ ಬದಲಾಗುತ್ತದೆ.

ಮೊದಲು ಅಳತೆಗೋಲುಗಳು

ಡೇಟಾದಿಂದಲೇ ಶುರು ಮಾಡೋಣ. ಟರ್ಬೈನನ್ನು ದೂರದಿಂದ ಗಮನಿಸಿ ನಿಯಂತ್ರಿಸುವ ಸ್ಕಾಡಾ ವ್ಯವಸ್ಥೆ ಸಾಮಾನ್ಯವಾಗಿ 10 ನಿಮಿಷಗಳ ಸರಾಸರಿಯನ್ನು ಉಳಿಸಿಡುತ್ತದೆ: ಗಾಳಿಯ ವೇಗ, ಉತ್ಪಾದನೆ, ಗೇರ್‌ಬಾಕ್ಸ್ ಎಣ್ಣೆಯ ತಾಪ, ಬೇರಿಂಗಿನ ತಾಪ, ಬ್ಲೇಡಿನ ಪಿಚ್ ಕೋನ (ಬ್ಲೇಡ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಎಂಬುದು) ಹೀಗೆ. ಅಂಥ ಒಂದು ಸಾಲು ತೆಗೆದು ನೋಡಿ. ಗಾಳಿ ಸೆಕೆಂಡಿಗೆ 11 ಮೀಟರ್, ಉತ್ಪಾದನೆ ಸೊನ್ನೆ, ಪಿಚ್ ಕೋನ 88 ಡಿಗ್ರಿ. ಬ್ಲೇಡುಗಳು ಗಾಳಿಗೆ ಅಂಚು ಕೊಟ್ಟು ಸುಮ್ಮನೆ ನಿಂತಿವೆ, ಅಷ್ಟು ಗೊತ್ತಾಯಿತು. ಯಾಕೆ ನಿಂತಿವೆ? ಗೇರ್‌ಬಾಕ್ಸ್ ಕೆಟ್ಟಿರಬಹುದು. ಗ್ರಿಡ್ಡಿನವರು ಉತ್ಪಾದನೆ ಇಳಿಸಲು ಹೇಳಿರಬಹುದು. ತಂತ್ರಜ್ಞರು ಸರ್ವೀಸಿಗೆಂದು ಒಳಗೆ ಹೋಗಿರಬಹುದು. ಗೋಪುರದೊಳಗೆ ತಿರುಚಿಕೊಂಡ ಕೇಬಲ್ ಬಿಚ್ಚಲು ಯಂತ್ರ ತಾನಾಗಿ ನಿಂತು ಸುತ್ತುತ್ತಿರಬಹುದು. ಈ ನಾಲ್ಕನ್ನೂ ಆ ಒಂದು ಸಾಲು ಬೇರೆ ಮಾಡಿ ತೋರಿಸಲಾರದು. ಅಲಾರಂ ಲಾಗ್ ಬೇಕು, ಕೆಲಸಗಾರರು ಬರೆದಿಟ್ಟ ಸರ್ವೀಸ್ ವರದಿ ಬೇಕು. ಇವಿಲ್ಲದೆ ಮಷಿನ್ ಲರ್ನಿಂಗ್ ಮಾದರಿಗೆ ತರಬೇತಿ ಕೊಟ್ಟರೆ ಅದು ಸರ್ವೀಸಿನ ದಿನವನ್ನೇ ‘ಕೆಟ್ಟ ದಿನ’ ಎಂದು ಕಲಿತು ಕೂರುತ್ತದೆ. ಆದ್ದರಿಂದ ‘ನಮ್ಮಲ್ಲಿ ಸ್ಕಾಡಾ ಡೇಟಾ ಇದೆ’ ಎಂಬುದು ಅರ್ಧ ಉತ್ತರ. ಜೊತೆಗೆ ಲಾಗ್ ಇದೆಯೇ, ಎಷ್ಟು ವರ್ಷದ್ದು, ಎಷ್ಟು ಟರ್ಬೈನುಗಳದ್ದು ಎಂದು ಕೇಳಲೇಬೇಕು.

ಇನ್ನೊಂದು ತೊಡಕು: ದೊಡ್ಡ ವೈಫಲ್ಯಗಳು ಅಪರೂಪ. ಹತ್ತಾರು ಟರ್ಬೈನುಗಳ ಹಲವು ವರ್ಷದ ದಾಖಲೆ ಜಾಲಾಡಿದರೂ ಒಂದೇ ಬಗೆಯ ಮುಖ್ಯ ಬೇರಿಂಗ್ ವೈಫಲ್ಯ ಬೆರಳೆಣಿಕೆಯಷ್ಟು ಸಿಗುತ್ತದೆ. 10 ನಿಮಿಷದ ಸರಾಸರಿಯಲ್ಲಿ ಕ್ಷಣಾರ್ಧದ ಅದುರುವಿಕೆಯೆಲ್ಲ ಕರಗಿಹೋಗಿರುತ್ತದೆ. ಅದು ಬೇಕಿದ್ದರೆ ಸೆಕೆಂಡಿಗೆ ಸಾವಿರಾರು ಸಲ ಅಳೆದ ಕಂಪನದ ಡೇಟಾ ಬೇಕು, ಅದನ್ನು ಕಂಪನಿಗಳು ಸುಲಭಕ್ಕೆ ಹೊರಗೆ ಬಿಡುವುದಿಲ್ಲ.

ಎರಡನೆಯದು ಹಣ ಮತ್ತು ಸ್ಥಾನಮಾನ. ನೀವು ವಿದ್ಯಾರ್ಥಿಯೋ ನೌಕರರೋ? ಬ್ರಿಟನ್ನಿನಲ್ಲಿ ಬಹುಪಾಲು ವಿದ್ಯಾರ್ಥಿ. 2025–26ಕ್ಕೆ ಅಲ್ಲಿನ ಸರ್ಕಾರಿ ಸಂಶೋಧನಾ ನಿಧಿ ಸಂಸ್ಥೆ ಯುಕೆಆರ್‌ಐ ನಿಗದಿಪಡಿಸಿದ ಕನಿಷ್ಠ ಸ್ಟೈಪೆಂಡ್ ವರ್ಷಕ್ಕೆ 20,780 ಪೌಂಡ್, ಅದಕ್ಕೆ ತೆರಿಗೆ ಇಲ್ಲ. ಡೆನ್ಮಾರ್ಕ್, ನಾರ್ವೆ, ನೆದರ್ಲೆಂಡ್ಸ್, ಜರ್ಮನಿಗಳಲ್ಲಿ ಬಹುಪಾಲು ನೌಕರರು: ಸಂಬಳದಲ್ಲಿ ತೆರಿಗೆ ಕಳೆಯುತ್ತದೆ, ಆದರೆ ಪಿಂಚಣಿ, ರಜೆ, ಸಾಮಾಜಿಕ ಭದ್ರತೆ ಜೊತೆಗೆ ಬರುತ್ತವೆ. ಸ್ಟೈಪೆಂಡನ್ನೂ ತೆರಿಗೆಗೆ ಮುಂಚಿನ ಸಂಬಳವನ್ನೂ ಪಕ್ಕಪಕ್ಕ ಇಟ್ಟು ನೋಡುವುದು ದೊಡ್ಡ ತಪ್ಪು. ತೆರಿಗೆ ಕಳೆದು, ಆ ಊರಿನ ಮನೆ ಬಾಡಿಗೆಯನ್ನೂ ಕಳೆದು ಉಳಿಯುವ ಮೊತ್ತವನ್ನು ಹೋಲಿಸಿ.

ಮೂರನೆಯದು ಕಾಲ. ಹಣ ಎಷ್ಟು ತಿಂಗಳಿಗೆ ಇದೆ, ಆ ಗುಂಪಿನ ಹಿಂದಿನ ವಿದ್ಯಾರ್ಥಿಗಳು ನಿಜವಾಗಿ ಎಷ್ಟು ತಿಂಗಳು ತೆಗೆದುಕೊಂಡರು? ಈ ಎರಡರ ನಡುವಿನ ಅಂತರವನ್ನು ನಿಮ್ಮ ಜೇಬೇ ತುಂಬಬೇಕು.

ನಾಲ್ಕನೆಯದು ಗೈಡ್. ಅವರ ಕೈಕೆಳಗೆ ಎಷ್ಟು ಮಂದಿ ಇದ್ದಾರೆ, ಕಂಪನಿಯ ಕಡೆಯಿಂದ ಸಹಗೈಡ್ ಇದ್ದಾರೆಯೇ, ಅವರು ಕೆಲಸ ಬಿಟ್ಟರೆ ಯಾರು? ಕಡಲ ಗಾಳಿ ಉದ್ಯಮದಲ್ಲಿ ಜನ ಬೇಗ ಕಂಪನಿ ಬದಲಾಯಿಸುತ್ತಾರೆ. ನಿಮ್ಮ ಡೇಟಾವನ್ನು ಒಳಗಿನಿಂದ ತಂದುಕೊಡುತ್ತಿದ್ದ ಒಬ್ಬರೇ ಒಬ್ಬರು ಹೊರಟುಹೋದರೆ ಒಪ್ಪಂದ ಕಾಗದದಲ್ಲಿ ಉಳಿಯುತ್ತದೆ, ಫೈಲು ಬರುವುದು ನಿಲ್ಲುತ್ತದೆ.

ಐದನೆಯದು, ಕಡಲಿಗೆ ಹೋಗುವ ಆಸೆ ಇದ್ದವರಿಗೆ ಮಾತ್ರ. ಟರ್ಬೈನ್ ಹತ್ತಲು ಜಿಡಬ್ಲ್ಯುಒ ಎಂಬ ಜಾಗತಿಕ ಗಾಳಿ ಉದ್ಯಮ ಸಂಘಟನೆಯ ಮೂಲ ಸುರಕ್ಷಾ ತರಬೇತಿ ಬೇಕು: ಪ್ರಥಮ ಚಿಕಿತ್ಸೆ, ಭಾರ ಎತ್ತುವ ಕ್ರಮ, ಬೆಂಕಿ, ಎತ್ತರದ ಕೆಲಸ, ಕಡಲಲ್ಲಿ ಬದುಕುಳಿಯುವುದು. ಬಹುಪಾಲು ಭಾಗಗಳನ್ನು 2 ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯಕೀಯ ಪ್ರಮಾಣಪತ್ರವೂ ಬೇಕು. ಈ ಖರ್ಚನ್ನು ಯೋಜನೆಯೇ ಭರಿಸುತ್ತದೆಯೇ ಎಂದು ಮೊದಲೇ ಕೇಳಿ. ಡಿಜಿಟಲ್ ವಿಷಯದ ಹೆಚ್ಚಿನ ಪಿಎಚ್‌ಡಿಗಳಲ್ಲಿ ಒಮ್ಮೆಯೂ ದೋಣಿ ಹತ್ತದೆ ಪದವಿ ಮುಗಿಯುತ್ತದೆ, ಅದರಲ್ಲಿ ಕೊರತೆಯೇನೂ ಇಲ್ಲ.

ಬ್ರಿಟನ್: ತಂಡದ ಬಲ, ವೀಸಾದ ಖರ್ಚು

ಬ್ರಿಟನ್ನಿನ ವೈಶಿಷ್ಟ್ಯ ಸಿಡಿಟಿ ಎಂದು ಕರೆಯುವ ಡಾಕ್ಟರೇಟ್ ತರಬೇತಿ ಕೇಂದ್ರಗಳು. ಹಲ್ ವಿಶ್ವವಿದ್ಯಾಲಯದ ಮುಂದಾಳತ್ವದಲ್ಲಿ ಡರ್ಹಮ್, ಶೆಫೀಲ್ಡ್ ಮುಂತಾದವು ಸೇರಿ ನಡೆಸುವ ಆರಾ ಸಿಡಿಟಿ ನೇರವಾಗಿ ಕಡಲ ಗಾಳಿಗೇ ಮೀಸಲು. ಹಲ್ ಊರಲ್ಲಿ ಸೀಮೆನ್ಸ್ ಗಮೇಸಾದ ಬ್ಲೇಡ್ ಕಾರ್ಖಾನೆ ಇದೆ, ಎದುರಿಗಿನ ಕಡಲಲ್ಲಿ ಹಾರ್ನ್‌ಸೀ ಸ್ಥಾವರಗಳಿವೆ. ಉದ್ಯಮ ಕಣ್ಣಳತೆಯಲ್ಲೇ ಇದೆ. ಇಲ್ಲಿ 4 ವರ್ಷ ಹಣ. ಆರಂಭದಲ್ಲಿ ಎಲ್ಲರಿಗೂ ಒಟ್ಟಿಗೆ ತರಬೇತಿ, ಆಮೇಲೆ ತಮ್ಮ ತಮ್ಮ ಗೈಡ್ ಇರುವ ವಿಶ್ವವಿದ್ಯಾಲಯಕ್ಕೆ. ಕಂಪ್ಯೂಟರ್ ಸೈನ್ಸ್ ಓದಿ, ಟರ್ಬೈನಿನ ನೆಸೆಲ್ (ಗೋಪುರದ ತುದಿಯ ಯಂತ್ರಕೋಣೆ) ಎಂದರೇನು ಎಂದು ಈಗಷ್ಟೇ ಕಲಿಯುತ್ತಿರುವವರಿಗೆ ಆ ಮೊದಲ ತಿಂಗಳುಗಳ ತರಬೇತಿ ದೊಡ್ಡ ಆಸರೆ. ಈಗಾಗಲೇ ಗಾಳಿ ವಿದ್ಯುತ್ತಿನಲ್ಲೇ ಎಂಟೆಕ್ ಮಾಡಿದವರಿಗೆ ಅದರಲ್ಲಿ ಒಂದಷ್ಟು ಪುನರಾವರ್ತನೆ ಎನಿಸಬಹುದು.

ಐಡಿಕೋರ್ ಬೇರೆ ಬಗೆಯದು. ಎಡಿನ್‌ಬರ, ಎಕ್ಸೆಟರ್, ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯಗಳು ಸೇರಿ ಕೊಡುವ ಎಂಜಿನಿಯರಿಂಗ್ ಡಾಕ್ಟರೇಟ್, ಅಂದರೆ ಎಂಜ್‌ಡಿ ಅದು. 4 ವರ್ಷದಲ್ಲಿ ಸುಮಾರು 3 ವರ್ಷ ಕಂಪನಿಯ ಒಳಗೇ ಕುಳಿತು ಅವರ ಸಮಸ್ಯೆಯ ಮೇಲೆ ಕೆಲಸ ಮಾಡುತ್ತೀರಿ. ಡೇಟಾದ ಮಟ್ಟಿಗೆ ಇದಕ್ಕಿಂತ ಹತ್ತಿರದ ದಾರಿ ವಿರಳ. ಆದರೆ ಪೇಪರ್ ಬರೆಯಲು ಸಿಗುವ ಬಿಡುವು ಕಡಿಮೆ, ಕಂಪನಿಯ ಆದ್ಯತೆ ಬದಲಾದರೆ ನಿಮ್ಮ ಅಧ್ಯಾಯವೂ ಬದಲಾಗುತ್ತದೆ. ಮುಂದೆ ಪ್ರಾಧ್ಯಾಪಕರಾಗುವ ಆಸೆ ಗಟ್ಟಿಯಾಗಿದ್ದರೆ ಎರಡು ಸಲ ಯೋಚಿಸಿ. ಉದ್ಯಮದಲ್ಲೇ ಉಳಿಯುವವರಿಗೆ ಇದು ಬಹಳ ಒಳ್ಳೆಯ ದಾರಿ.

ಹೊರದೇಶದವರು ಗಮನಿಸಬೇಕಾದ್ದು ಕೆಲವಿವೆ. ಯುಕೆಆರ್‌ಐ ಹಣದ ತರಬೇತಿ ಕೇಂದ್ರಗಳಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಪಾಲಿಗೆ ಶೇ. 30ರ ಮಿತಿ ಇದೆ, ಹಾಗಾಗಿ ಪೈಪೋಟಿ ಬಿಗಿ. ಯುಕೆಆರ್‌ಐ ಕೊಡುವುದು ಸ್ಥಳೀಯ ದರದ ಶುಲ್ಕ. ಅಂತರರಾಷ್ಟ್ರೀಯ ಶುಲ್ಕದೊಂದಿಗಿನ ವ್ಯತ್ಯಾಸ ನಿಮ್ಮ ಮೇಲೆ ಬೀಳುವುದಿಲ್ಲ ಎಂದು ಆಫರ್ ಪತ್ರದಲ್ಲಿ ಬರಹದಲ್ಲಿರಲಿ. ಆರೋಗ್ಯ ಸರ್‌ಚಾರ್ಜ್ ವಿದ್ಯಾರ್ಥಿಗೆ ವರ್ಷಕ್ಕೆ 776 ಪೌಂಡ್. 4 ವರ್ಷಕ್ಕೆ 3,104 ಪೌಂಡ್ ಆಯಿತು, ವೀಸಾ ಅವಧಿ ಕೋರ್ಸಿಗಿಂತ ಕೆಲವು ತಿಂಗಳು ಹೆಚ್ಚಿರುವುದರಿಂದ ಇನ್ನೂ ಸ್ವಲ್ಪ ಏರುತ್ತದೆ. ಇದನ್ನು ಮೊದಲ ಸ್ಟೈಪೆಂಡ್ ಕೈಗೆ ಬರುವ ಮುನ್ನ, ವೀಸಾ ಅರ್ಜಿಯ ಜೊತೆಗೇ ಒಟ್ಟಿಗೆ ಕಟ್ಟಬೇಕು. ಸಂಗಾತಿ, ಮಕ್ಕಳಿದ್ದರೆ ತಲೆಗೊಂದರಂತೆ ಲೆಕ್ಕ. ಹಲವು ಎಂಜಿನಿಯರಿಂಗ್ ವಿಷಯಗಳಿಗೆ ಹಲವು ದೇಶಗಳ ಪ್ರಜೆಗಳು ಅಟಾಸ್ ಎಂಬ ಭದ್ರತಾ ಪರಿಶೀಲನೆಯ ಅನುಮತಿಯನ್ನೂ ಪಡೆಯಬೇಕು. ಅದಕ್ಕೆ ಶುಲ್ಕ ಇಲ್ಲ, ಆದರೆ ಕನಿಷ್ಠ 30 ಕೆಲಸದ ದಿನಗಳು ಹಿಡಿಯುತ್ತವೆ. ಸೆಪ್ಟೆಂಬರಿಗೆ ಸೇರಬೇಕಾದವರು ಜುಲೈ ಕೊನೆಗೆ ಅರ್ಜಿ ಹಾಕಿದರೆ ತರಗತಿ ತಪ್ಪುವುದು ಖಂಡಿತ. ವಿಷಯದ ವಿವರಣೆ ನಡುವೆ ಬದಲಾದರೆ ಮತ್ತೆ ಹೊಸ ಅನುಮತಿ ಬೇಕಾಗಬಹುದು, ಆದ್ದರಿಂದ ಗೈಡ್ ಜೊತೆ ಕೂತು ಆ ನಾಲ್ಕು ಸಾಲುಗಳನ್ನು ಎಚ್ಚರದಿಂದ ಬರೆಯಿರಿ.

ಡೆನ್ಮಾರ್ಕ್, ನಾರ್ವೆ

ಡೆನ್ಮಾರ್ಕಿನ ಪಿಎಚ್‌ಡಿ 3 ವರ್ಷ, 180 ಇಸಿಟಿಎಸ್ (ಯುರೋಪಿನ ಓದಿನ ಕ್ರೆಡಿಟ್). ಅದರಲ್ಲಿ 30 ಇಸಿಟಿಎಸ್ ಕೋರ್ಸುಗಳು, ಹೊರಗಿನ ಒಂದು ಸಂಶೋಧನಾ ಗುಂಪಿನಲ್ಲಿ ಕೆಲವು ತಿಂಗಳ ವಾಸ, 840 ಗಂಟೆಗಳವರೆಗೆ ಬೋಧನೆಯಂಥ ವಿಭಾಗದ ಕೆಲಸ. ಇಷ್ಟನ್ನು ಕಳೆದರೆ ಶುದ್ಧ ಸಂಶೋಧನೆಗೆ ಉಳಿಯುವುದು ಸುಮಾರು 2 ವರ್ಷ. ಆದ್ದರಿಂದ ಇಲ್ಲಿ ಡೇಟಾ ಮೊದಲ ದಿನವೇ ಸಿದ್ಧವಿರಬೇಕು. ಒಪ್ಪಂದಕ್ಕೆ ಆರೆಂಟು ತಿಂಗಳು ಹಿಡಿದರೆ 4 ವರ್ಷದ ಪಿಎಚ್‌ಡಿ ತಾಳಿಕೊಳ್ಳುತ್ತದೆ, 3 ವರ್ಷದ್ದು ತಾಳಿಕೊಳ್ಳುವುದಿಲ್ಲ.

ಆದರೂ ಗಾಳಿ ವಿದ್ಯುತ್ತಿನ ಮಾದರಿ ಕಟ್ಟುವ ಕೆಲಸಕ್ಕೆ ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯ ಡಿಟಿಯುನಷ್ಟು ಆಳವಾದ ಬೇರು ಕಡಿಮೆ ಕಡೆ ಇದೆ. ಟರ್ಬೈನಿನ ಮೇಲಿನ ಒತ್ತಡ ಲೆಕ್ಕ ಹಾಕುವ ಹಾಕ್‌2, ಒಂದು ಟರ್ಬೈನಿನ ಹಿಂದಿನ ಗಾಳಿನೆರಳು (ವೇಗ ಕುಗ್ಗಿದ ಗಾಳಿ) ಇನ್ನೊಂದರ ಮೇಲೆ ಬೀಳುವುದನ್ನು ಲೆಕ್ಕ ಹಾಕುವ ಪೈವೇಕ್, ಎರಡೂ ಅಲ್ಲಿಯವೇ. ದೈತ್ಯ ಟರ್ಬೈನುಗಳ ಪರೀಕ್ಷೆಗೆ ಓಸ್ಟೆರಿಲ್ಡ್ ಮೈದಾನ ಇದೆ. ತಂತ್ರಾಂಶ ಬರೆದವರೇ ಪಕ್ಕದ ಕೋಣೆಯಲ್ಲಿ ಕೂತಿರುತ್ತಾರೆ ಎಂಬುದರ ಬೆಲೆ, ರಾತ್ರಿ ಒಂದು ವಿಚಿತ್ರ ಫಲಿತಾಂಶ ಎದುರಾದಾಗ ತಿಳಿಯುತ್ತದೆ.

ಇನೊವೇಶನ್ ಫಂಡ್ ಡೆನ್ಮಾರ್ಕ್ ಬೆಂಬಲಿಸುವ ಇಂಡಸ್ಟ್ರಿಯಲ್ ಪಿಎಚ್‌ಡಿ ಇನ್ನೊಂದು ದಾರಿ: ನೀವು ಕಂಪನಿಯ ನೌಕರರು, ಸಮಯ ಕಂಪನಿ ಮತ್ತು ವಿಶ್ವವಿದ್ಯಾಲಯದ ನಡುವೆ ಹಂಚಿಹೋಗುತ್ತದೆ. ಕಂಪನಿಯೂ ಕೂಡಿ ಅರ್ಜಿ ಹಾಕಬೇಕಾದ್ದರಿಂದ ಜಾಹೀರಾತಿಗೆ ಕಾದು ಕೂತರೆ ಸಾಲದು. ಈಗಾಗಲೇ ಉದ್ಯಮದಲ್ಲಿ ಕಾಲೂರಿದವರಿಗೆ ಇದು ಸರಿ.

ನಾರ್ವೆಯ ಲೆಕ್ಕ ಇನ್ನೊಂದು ತೆರ. 3 ವರ್ಷ ಪೂರ್ತಿ ಸಂಶೋಧನೆ, ಅಥವಾ ಶೇ. 25 ಬೋಧನೆಯಂಥ ಕೆಲಸ ಸೇರಿ 4 ವರ್ಷ. 4 ವರ್ಷದ್ದು ಸಿಕ್ಕರೆ ಅದನ್ನೇ ಹಿಡಿಯುವುದು ಮೇಲು. ಬೋಧನೆಯ ಹೊರೆ ಇದ್ದರೂ ಡೇಟಾ ತಡವಾದಾಗ ಉಸಿರಾಡಲು ಜಾಗ ಸಿಗುತ್ತದೆ. ತೇಲುವ ಟರ್ಬೈನುಗಳ ವಿಷಯಕ್ಕೆ ನಾರ್ವೆ ಸಹಜ ನೆಲೆ: 2017ರಲ್ಲಿ ಸ್ಕಾಟ್ಲೆಂಡಿನ ಎದುರು 30 ಮೆಗಾವಾಟಿನ ಹೈವಿಂಡ್ ತೇಲುವ ಸ್ಥಾವರ ನಿಲ್ಲಿಸಿದ್ದೂ, ಆಮೇಲೆ ತನ್ನದೇ ಕಡಲಲ್ಲಿ 88 ಮೆಗಾವಾಟಿನ ಹೈವಿಂಡ್ ಟಾಂಪೆನ್ ಕಟ್ಟಿದ್ದೂ ನಾರ್ವೆಯ ಕಂಪನಿಯೇ. ಟ್ರೋನ್‌ಹೈಮ್‌ನ ಎನ್‌ಟಿಎನ್‌ಯು ವಿಶ್ವವಿದ್ಯಾಲಯ ಮತ್ತು ಸಿಂಟೆಫ್ ಸಂಶೋಧನಾ ಸಂಸ್ಥೆ ಒಂದರ ಪಕ್ಕ ಒಂದಿವೆ. ಕೆಲವು ತಾಂತ್ರಿಕ ವಿಷಯಗಳಿಗೆ ರಫ್ತು ನಿಯಂತ್ರಣದ ಪರಿಶೀಲನೆ ಇರುತ್ತದೆ, ಆಯ್ಕೆಯಾದ ಮೇಲೂ ಕಾಯಬೇಕಾಗಬಹುದು. ಕೊನೆಯಲ್ಲಿ ಥೀಸಿಸ್ ಸಮರ್ಥನೆಗೆ ಮುಂಚೆ, ಸಮಿತಿ ಕೊಟ್ಟ ವಿಷಯದ ಮೇಲೆ ಒಂದು ಪ್ರಾಯೋಗಿಕ ಉಪನ್ಯಾಸವನ್ನೂ ಕೊಡಬೇಕು. ವಿಷಯ ತಿಳಿಯುವುದು ಕೆಲವೇ ದಿನ ಮುಂಚೆ.

ನೆದರ್ಲೆಂಡ್ಸ್, ಜರ್ಮನಿ, ಮತ್ತು ಮೇರಿ ಕ್ಯೂರಿ ಜಾಲಗಳು

ನೆದರ್ಲೆಂಡ್ಸಿನಲ್ಲಿ 4 ವರ್ಷದ ನೌಕರಿ, ಸಾಮೂಹಿಕ ಒಪ್ಪಂದದ ಸಂಬಳ, ಅದು ವರ್ಷ ವರ್ಷ ಏರುತ್ತದೆ. ಮೊದಲ ವರ್ಷದ ಕೊನೆಗೆ ಮುಂದುವರಿಸಬೇಕೋ ಬೇಡವೋ ಎಂಬ ವಿಮರ್ಶೆ ಇದೆ. ಬಹುಪಾಲು ಮಂದಿ ದಾಟುತ್ತಾರೆ, ಆದರೆ ಅದು ಬರೀ ಔಪಚಾರಿಕವೆಂದು ತಿಳಿದು ಕೂರಬೇಡಿ. ಡೇಟಾ ಬಂದಿಲ್ಲ ಎಂಬ ಕಾರಣಕ್ಕೆ ತೋರಿಸಲು ಏನೂ ಇಲ್ಲದಿದ್ದರೆ ಕಷ್ಟ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಗಾಳಿ ಸುರಂಗ, ನಿಯಂತ್ರಣ ಶಾಸ್ತ್ರ ಮತ್ತು ಗಾಳಿನೆರಳಿನ ಅಧ್ಯಯನ ಮೂರೂ ಬಲವಾಗಿವೆ. ಕೋರ್ಸುಗಳ 45 ಕ್ರೆಡಿಟ್ ಮುಗಿಸಬೇಕು, ಅವನ್ನು ಮೊದಲ ಎರಡು ವರ್ಷದಲ್ಲೇ ತೀರಿಸಿಕೊಳ್ಳಿ.

ಜರ್ಮನಿಯ ಜಾಹೀರಾತಿನಲ್ಲಿ ಟಿವಿ-ಎಲ್ 13 ಎಂಬ ಸರ್ಕಾರಿ ವೇತನ ಶ್ರೇಣಿಯ ಪಕ್ಕದಲ್ಲಿರುವ ಶೇಕಡಾವಾರನ್ನು ಮೊದಲು ಓದಿ. 100 ಇದ್ದರೆ ಪೂರ್ತಿ ಸಂಬಳ, 50 ಇದ್ದರೆ ಅರ್ಧ. ಕೆಲಸ ಮಾತ್ರ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ ಆಗುವ ಸಂಭವ ಹೆಚ್ಚು. ಕರಾರು 2 ಅಥವಾ 3 ವರ್ಷದ್ದಾಗಿ, ಮುಂದೆ ಯೋಜನೆಯ ಹಣ ನೋಡಿಕೊಂಡು ವಿಸ್ತರಿಸುವುದು ರೂಢಿ. ಪ್ರತಿಯಾಗಿ ಸಿಗುವುದು ಅಳತೆಯ ಪರಂಪರೆ: 2003ರಿಂದ ಕಡಲಲ್ಲಿ ನಿಂತಿರುವ ಫಿನೊ 1 ವೇದಿಕೆಯ ಗಾಳಿ, ಅಲೆಗಳ ದಾಖಲೆ, ಬ್ರೆಮರ್‌ಹಾವೆನ್‌ನ ಫ್ರೌನ್‌ಹೋಫರ್ ಸಂಸ್ಥೆಯ ಬ್ಲೇಡ್ ಮತ್ತು ನೆಸೆಲ್ ಪರೀಕ್ಷಾಲಯಗಳು, ಓಲ್ಡನ್‌ಬುರ್ಗ್–ಹಾನೊವರ್–ಬ್ರೆಮೆನ್ ವಿಶ್ವವಿದ್ಯಾಲಯಗಳು ಮೂರೂ ಸೇರಿದ ಗಾಳಿ ಸಂಶೋಧನಾ ಕೇಂದ್ರ ಫೋರ್‌ವಿಂಡ್. ಯಂತ್ರದ ಬಿಡಿಭಾಗಗಳ ಕಂಪನದ ಮೇಲೆ ಕೆಲಸ ಮಾಡುವವರಿಗೆ ಪರೀಕ್ಷಾಲಯದ ಡೇಟಾ ಒಂದು ವರ. ಅಲ್ಲಿ ಭಾಗವನ್ನು ಬೇಕೆಂದೇ ಕೆಡಿಸಿ ಅಳೆಯಬಹುದು. ಕಡಲಲ್ಲಿ ಹಾಗೆ ಮಾಡಲು ಯಾರೂ ಬಿಡುವುದಿಲ್ಲ.

ಮೇರಿ ಸ್ಕ್ಲೊಡೊವ್‌ಸ್ಕಾ-ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳು ಐರೋಪ್ಯ ಒಕ್ಕೂಟದ ಹಣದಿಂದ ನಡೆಯುತ್ತವೆ. ಯಾವ ದೇಶದವರಾದರೂ ಅರ್ಜಿ ಹಾಕಬಹುದು, ಆದರೆ ಸೇರುವ ಹಿಂದಿನ 36 ತಿಂಗಳಲ್ಲಿ ಆತಿಥೇಯ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಿರಬಾರದು. ಉದಾಹರಣೆಗೆ, ಈಗಷ್ಟೇ ಡೆಲ್ಫ್ಟ್‌ನಲ್ಲಿ 2 ವರ್ಷದ ಎಂಎಸ್ ಮುಗಿಸಿದವರಿಗೆ ನೆದರ್ಲೆಂಡ್ಸಿನ ಸೀಟು ಸಿಗದು, ಡೆನ್ಮಾರ್ಕಿನದಕ್ಕೆ ಅಡ್ಡಿಯಿಲ್ಲ. ಕಾಗದದ ಮೇಲಿನ ಸಂಬಳ ಆಕರ್ಷಕ; ಅದರಲ್ಲಿ ಉದ್ಯೋಗದಾತರ ಪಾಲಿನ ವಂತಿಗೆಯೂ ಕಳೆಯುತ್ತದೆ ಎಂಬುದನ್ನು ಮರೆತು ಲೆಕ್ಕ ಹಾಕಿದವರು ಮೊದಲ ತಿಂಗಳು ಬೆಚ್ಚಿಬೀಳುತ್ತಾರೆ. ಹಣ ಸಾಮಾನ್ಯವಾಗಿ 36 ತಿಂಗಳಿಗೆ. ಆತಿಥೇಯ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ 4 ವರ್ಷದ್ದಾಗಿದ್ದರೆ ಕೊನೆಯ ವರ್ಷದ ಹಣ ಎಲ್ಲಿಂದ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ. ಕಂಪನಿಗಳಲ್ಲಿ ಕೆಲವು ತಿಂಗಳು ಕೂರುವ ಅವಕಾಶ ಯೋಜನೆಯಲ್ಲೇ ಬರೆದಿರುತ್ತದೆ, ಡೇಟಾದ ದೃಷ್ಟಿಯಿಂದ ಅದು ದೊಡ್ಡ ಲಾಭ. ಮೂರು ವರ್ಷದಲ್ಲಿ ಮೂರು ಊರು ಸುತ್ತುವುದು ಸಣ್ಣ ಮಕ್ಕಳಿರುವವರಿಗೆ ಸುಲಭವಲ್ಲ.

ವಿಷಯವೂ ಒಂದು ಆಯ್ಕೆ

ದೇಶ ಆರಿಸಿದಷ್ಟೇ ಎಚ್ಚರದಿಂದ ವಿಷಯ ಆರಿಸಿ, ಯಾಕೆಂದರೆ ಡೇಟಾದ ಹಸಿವು ಎಲ್ಲದಕ್ಕೂ ಒಂದೇ ಇಲ್ಲ.

ಗಾಳಿನೆರಳು ಮತ್ತು ಸ್ಥಾವರ ನಿಯಂತ್ರಣಕ್ಕೆ ಹಸಿವು ಕಡಿಮೆ. 2020ರಲ್ಲಿ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ (ಐಇಎ) ಯೋಜನೆಯಡಿ ಹೊರಬಂದ 15 ಮೆಗಾವಾಟಿನ ಮಾದರಿ ಟರ್ಬೈನಿನ ವಿನ್ಯಾಸ, ಓಪನ್‌ಫಾಸ್ಟ್, ಫ್ಲೋರಿಸ್, ಪೈವೇಕ್ ತಂತ್ರಾಂಶಗಳು ಇವೆಲ್ಲ ಮುಕ್ತವಾಗಿ ಸಿಗುತ್ತವೆ. ಕಂಪನಿ ಕೈಕೊಟ್ಟರೂ ಥೀಸಿಸ್ ನಡೆಯುತ್ತದೆ. ಕೊರತೆ ಬೀಳುವುದು ಸೂಪರ್ ಕಂಪ್ಯೂಟರಿನ ಸಮಯ. ಸುಳಿಗಾಳಿಯನ್ನು ವಿವರವಾಗಿ ಲೆಕ್ಕ ಹಾಕುವ ಸಿಮ್ಯುಲೇಶನ್‌ಗೆ ವರ್ಷಕ್ಕೆ ಎಷ್ಟು ಕೋರ್-ಗಂಟೆ (ಒಂದು ಪ್ರೊಸೆಸರ್ ಕೋರ್ ಒಂದು ಗಂಟೆ ನಡೆಯುವ ಲೆಕ್ಕ) ಗುಂಪಿನ ಪಾಲಿಗೆ ಇದೆ ಎಂದು ಕೇಳಿ.

ಯಂತ್ರದ ಆರೋಗ್ಯ ನೋಡುವ, ಮುಂಚಿತವಾಗಿ ದೋಷ ಹಿಡಿಯುವ ವಿಷಯಕ್ಕೆ ಹಸಿವು ಅತಿ ಹೆಚ್ಚು. ಬ್ರಿಟನ್ನಿನ ಕೆಲ್‌ಮಾರ್ಶ್ ಸ್ಥಾವರದ 6, ಪೆನ್‌ಮ್ಯಾನ್‌ಶೀಲ್‌ನ 14 ಟರ್ಬೈನುಗಳ ಸ್ಕಾಡಾ ಡೇಟಾ ಸಾರ್ವಜನಿಕವಾಗಿದೆ. ಅರ್ಜಿ ಹಾಕುವ ಮುನ್ನವೇ ಅದನ್ನು ಇಳಿಸಿಕೊಂಡು ಒಂದು ವಾರ ಕೆಲಸ ಮಾಡಿ ನೋಡಿ. ಸಂದರ್ಶನದಲ್ಲಿ ಅದು ಯಾವ ಪ್ರಮಾಣಪತ್ರಕ್ಕಿಂತಲೂ ಹೆಚ್ಚು ಮಾತಾಡುತ್ತದೆ. ಆದರೆ ಅವೆರಡೂ ನೆಲದ ಮೇಲಿನವು. ಅಲೆ, ಉಪ್ಪುಗಾಳಿ, ದುರಸ್ತಿಗೆ ಹೋಗಲಾಗದ ದಿನಗಳು, ಇವು ಆ ಡೇಟಾದಲ್ಲಿ ಇಲ್ಲ.

ಡಿಜಿಟಲ್ ಟ್ವಿನ್ ಎಂಬ ಮಾತು ಈಗ ಎಲ್ಲ ಜಾಹೀರಾತಿನಲ್ಲೂ ಇದೆ. ಒಂದು ಮಾದರಿ, ಅದಕ್ಕೆ ನಿಜವಾದ ಯಂತ್ರದಿಂದ ನಿರಂತರ ಹರಿದುಬರುವ ಅಳತೆ, ಆ ಅಳತೆಯಿಂದ ಮಾದರಿ ತಿದ್ದಿಕೊಳ್ಳುವುದು, ಆ ತಿದ್ದುಪಡಿ ಯಾವುದಾದರೂ ತೀರ್ಮಾನಕ್ಕೆ ದಾರಿಯಾಗುವುದು: ಈ ನಾಲ್ಕೂ ಇದ್ದರೆ ಅದು ಟ್ವಿನ್. ಕಡಲ ತಳಕ್ಕೆ ಬಡಿದಿಳಿಸಿದ ಉಕ್ಕಿನ ಮೊನೊಪೈಲ್ ಅಡಿಪಾಯವನ್ನೇ ತೆಗೆದುಕೊಳ್ಳಿ. ಬುಡದ ಮರಳು ನೀರಿನ ಸೆಳೆತಕ್ಕೆ ಕೊಚ್ಚಿಹೋದರೆ ಗೋಪುರದ ಸಹಜ ಕಂಪನದ ಆವೃತ್ತಿ ಸ್ವಲ್ಪ ಇಳಿಯುತ್ತದೆ. ಆ ಇಳಿಕೆಯನ್ನು ಹಿಡಿದರೆ ಅಡಿಪಾಯದ ಉಳಿದ ಆಯಸ್ಸು ಅಂದಾಜಿಸಬಹುದು. ಆದರೆ ಸ್ಥಾವರದ ಎಲ್ಲ ಗೋಪುರಗಳಿಗೂ ಸ್ಟ್ರೇನ್ ಗೇಜ್ (ಉಕ್ಕಿನ ಎಳೆತ ಅಳೆಯುವ ಸೆನ್ಸರ್) ಹಾಕಿರುವುದಿಲ್ಲ, ಕೆಲವಕ್ಕೆ ಮಾತ್ರ. ನೀರಿನೊಳಗಿನವು ಕೆಲವು ವರ್ಷದಲ್ಲಿ ಕೆಟ್ಟೂ ಹೋಗುತ್ತವೆ. ಹಾಗಾಗಿ ಕೇಳಬೇಕಾದ್ದು: ಎಷ್ಟು ಗೋಪುರಗಳಲ್ಲಿ ಸೆನ್ಸರ್ ಇದೆ, ಯಾವ ಎತ್ತರದಲ್ಲಿ, ಯಾವ ವರ್ಷದಿಂದ, ಈಗಲೂ ಕೆಲಸ ಮಾಡುತ್ತಿವೆಯೇ? ಉತ್ತರ ತಡವರಿಸಿದರೆ ಅದು ಟ್ವಿನ್ ಹೆಸರಿನ ಸಿಮ್ಯುಲೇಶನ್ ಯೋಜನೆ ಎಂದು ತಿಳಿಯಿರಿ. ಅದರಲ್ಲೂ ಒಳ್ಳೆಯ ಥೀಸಿಸ್ ಆಗುತ್ತದೆ, ಸೇರುವಾಗ ನಿಮಗೆ ಗೊತ್ತಿದ್ದರೆ ಸಾಕು.

ದುರಸ್ತಿಯ ಯೋಜನೆ ಗಣಿತ ಇಷ್ಟಪಡುವವರಿಗೆ ಚೆನ್ನ. ತಂತ್ರಜ್ಞರನ್ನು ಒಯ್ಯುವ ಸಣ್ಣ ಹಡಗು ಸಾಮಾನ್ಯವಾಗಿ ಅಲೆ 1.5 ಮೀಟರ್ ಆಸುಪಾಸು ದಾಟಿದರೆ ಟರ್ಬೈನಿಗೆ ತಾಗಿ ನಿಲ್ಲಲಾರದು. ಆ ಕಿಟಕಿಯೊಳಗೆ ಯಾವ ಟರ್ಬೈನಿಗೆ ಯಾರನ್ನು ಕಳಿಸಬೇಕು ಎಂಬುದೇ ಪ್ರಶ್ನೆ. ಇದಕ್ಕೆ ಬೇಕಾದ ಹವಾಮಾನ ದಾಖಲೆ ಬಹುತೇಕ ಮುಕ್ತವಾಗಿದೆ. ಖರ್ಚಿನ ಅಂಕಿಗಳನ್ನು ಮಾತ್ರ ಕಂಪನಿ ಬಿಟ್ಟುಕೊಡುವುದಿಲ್ಲ.

ಸೈಬರ್ ಸುರಕ್ಷತೆ ಜನ ಕಡಿಮೆ ಇರುವ ಹಾದಿ. 2022ರ ಫೆಬ್ರವರಿಯಲ್ಲಿ ವಯಾಸ್ಯಾಟ್ ಉಪಗ್ರಹ ಜಾಲದ ಮೇಲೆ ದಾಳಿಯಾದಾಗ ಜರ್ಮನಿ ಸೇರಿದಂತೆ ಮಧ್ಯ ಯುರೋಪಿನ ನೆಲದ ಮೇಲಿನ ಸುಮಾರು 5,800 ಎನರ್ಕಾನ್ ಟರ್ಬೈನುಗಳ ದೂರ ನಿರ್ವಹಣೆ ಕಡಿದುಹೋಯಿತು. ಯಂತ್ರಗಳು ತಿರುಗುತ್ತಲೇ ಇದ್ದವು, ನೋಡುವ ಕಣ್ಣು ಮಾತ್ರ ಮುಚ್ಚಿತು. ಕಡಲಲ್ಲಿ ಹೀಗಾದರೆ ಹೋಗಿ ಮೋಡೆಮ್ ಬದಲಾಯಿಸಲೂ ಹಡಗು ಬೇಕು. ಇಲ್ಲಿ ನಿಜ ಜಾಲದ ಡೇಟಾ ಸಿಗುವುದು ಬಲು ಕಷ್ಟ, ಪ್ರಯೋಗಾಲಯದಲ್ಲಿ ಕಟ್ಟಿದ ಪರೀಕ್ಷಾ ಜಾಲ ಇರುವ ಗುಂಪನ್ನೇ ಆರಿಸಿ.

ಯಾರಿಗೆ ಯಾವುದು

ಕುಟುಂಬದೊಂದಿಗೆ ಹೋಗುವವರಿಗೆ, ಉಳಿತಾಯ ಕಡಿಮೆ ಇರುವವರಿಗೆ ನೌಕರಿಯ ಪಿಎಚ್‌ಡಿ ಮೊದಲ ಆಯ್ಕೆಯಾಗಲಿ: ನಾರ್ವೆ ಅಥವಾ ನೆದರ್ಲೆಂಡ್ಸ್. ಬ್ರಿಟನ್ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಸಂಗಾತಿಯನ್ನು ಕರೆತರಲು ಬಿಡುತ್ತದೆ, ಆದರೆ ಮುಂಗಡ ಕಟ್ಟುವ ಮೊತ್ತ ದೊಡ್ಡದು.

ಕಂಪ್ಯೂಟರ್ ಸೈನ್ಸಿನಿಂದ ಬರುವವರಿಗೆ ಸಿಡಿಟಿಯ ಆರಂಭದ ತರಬೇತಿ ಇತರ ಎಲ್ಲ ಆಯ್ಕೆಗಳಿಗಿಂತ ಹೆಚ್ಚು ಉಪಕಾರ ಮಾಡುತ್ತದೆ. ಮೆಕ್ಯಾನಿಕಲ್, ಸಿವಿಲ್ ಓದಿದವರು ಪೈಥಾನ್ ಮತ್ತು ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಂಡು ನೇರವಾಗಿ ಡಿಟಿಯು, ಡೆಲ್ಫ್ಟ್, ಜರ್ಮನಿಗಳಿಗೆ ಹೋಗಬಹುದು. ಐದಾರು ವರ್ಷ ಕೆಲಸ ಮಾಡಿದ ಎಂಜಿನಿಯರುಗಳಿಗೆ ಎಂಜ್‌ಡಿ ಅಥವಾ ಡೆನ್ಮಾರ್ಕಿನ ಇಂಡಸ್ಟ್ರಿಯಲ್ ಪಿಎಚ್‌ಡಿ. ಬೋಧನೆಯೇ ಗುರಿಯಾಗಿದ್ದರೆ ಬೋಧನೆಯ ಅನುಭವ ಅಧಿಕೃತವಾಗಿ ಸಿಗುವ ನಾರ್ವೆಯ 4 ವರ್ಷ ಚೆನ್ನ.

ಒಪ್ಪಿಕೊಳ್ಳುವ ಮುನ್ನ ಕಳಿಸಬೇಕಾದ ಮೇಲ್

ಸಂದರ್ಶನ ಮುಗಿದು ಆಫರ್ ಬಂದ ಮೇಲೆ ಗೈಡ್‌ಗೆ ಒಂದು ಚಿಕ್ಕ ಮೇಲ್ ಬರೆಯಿರಿ. ಡೇಟಾ ಒಪ್ಪಂದಕ್ಕೆ ಸಹಿ ಆಗಿದೆಯೇ, ಇಲ್ಲವಾದರೆ ಯಾವ ತಿಂಗಳಿಗೆ? ಡೇಟಾ ಕಂಪನಿಯ ಕಂಪ್ಯೂಟರಿನಲ್ಲೇ ನೋಡಬೇಕೋ, ವಿಶ್ವವಿದ್ಯಾಲಯಕ್ಕೆ ತರಬಹುದೋ? ಪೇಪರ್ ಕಳಿಸುವ ಮುನ್ನ ಕಂಪನಿ ಎಷ್ಟು ದಿನ ಪರಿಶೀಲಿಸುತ್ತದೆ? 30 ದಿನವಾದರೆ ಸರಿ, ಮಿತಿಯೇ ಇಲ್ಲದಿದ್ದರೆ ಅಪಾಯ. ಥೀಸಿಸ್ಸನ್ನು ಕೆಲವು ವರ್ಷ ಮುಚ್ಚಿಡುವ ಷರತ್ತು ಇದೆಯೇ? ಬರೆದ ಕೋಡಿನ ಹಕ್ಕು ಯಾರದ್ದು? ಕಂಪನಿ ನಡುವೆ ಹಿಂದೆ ಸರಿದರೆ ಬದಲಿ ಯೋಜನೆ ಏನು? ಒಳ್ಳೆಯ ಗೈಡ್ ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಇವನ್ನು ಕೇಳಬಲ್ಲವರು ಸಿಕ್ಕರಲ್ಲ ಎಂದು ಸಂತೋಷಪಡುತ್ತಾರೆ.

ಅದೇ ಗುಂಪಿನ ಎರಡನೇ, ಮೂರನೇ ವರ್ಷದ ವಿದ್ಯಾರ್ಥಿ ಒಬ್ಬರೊಡನೆ ಅರ್ಧ ಗಂಟೆ ಮಾತಾಡಲು ಅವಕಾಶ ಕೇಳಿ, ಗೈಡ್ ಇಲ್ಲದೆ. ‘ನಿಮ್ಮ ಕೈಗೆ ಮೊದಲ ಡೇಟಾ ಫೈಲ್ ಬಂದದ್ದು ಸೇರಿದ ಎಷ್ಟನೇ ತಿಂಗಳಲ್ಲಿ?’ ಎಂದು ಕೇಳಿ. ಮೂರನೇ ತಿಂಗಳು ಎಂದರೆ ನಿಶ್ಚಿಂತೆಯಿಂದ ಮುಂದುವರಿಯಿರಿ. ಹದಿನೈದನೇ ತಿಂಗಳು ಎಂದರೆ, ಅದು 4 ವರ್ಷದ ಸೀಟಾಗಿದ್ದು ಮುಕ್ತ ಡೇಟಾದಿಂದ ಮೊದಲ ಅಧ್ಯಾಯ ಬರೆಯುವ ಯೋಜನೆ ಇದ್ದರೆ ಒಪ್ಪಿಕೊಳ್ಳಬಹುದು. 3 ವರ್ಷದ್ದಾದರೆ ಬೇಡ. ಈ ಉತ್ತರಗಳೆಲ್ಲ ಬರುವವರೆಗೆ ಕೈಯಲ್ಲಿರುವ ಇನ್ನೊಂದು ಆಫರನ್ನು ಬಿಡಬೇಡಿ. ಗಡುವು ಹತ್ತಿರವಾಗಿದ್ದರೆ ಒಂದು ವಾರ ಹೆಚ್ಚು ಸಮಯ ಕೊಡಿ ಎಂದು ನೇರವಾಗಿ ಬರೆದು ಕೇಳಿ, ಕಾರಣವನ್ನೂ ತಿಳಿಸಿ.